ಉತ್ತರ ಬರಲಿಲ್ಲ ಅಂದರೆ ಪೋಸ್ಟ್ ಆಗಿಲ್ಲ ಅಂತ ಅಲ್ಲ: ಎಪಿಐ ನಂಬಿ ಟೂಲ್ ಮಾಡುವವರೇ, ಹುಷಾರು

ಬೇರೆ ಕಂಪನಿಯ ಎಪಿಐ (ಅಂದರೆ ನಮ್ಮ ಟೂಲ್ ಅವರ ಸರ್ವರ್ ಜೊತೆ ಮಾತಾಡುವ ದಾರಿ) ನಂಬಿಕೊಂಡು ಟೂಲ್ ಮಾಡಿ ಜೀವನ ನಡೆಸುವ ಡೆವಲಪರ್‌ಗಳು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಕೋಡ್‌ನಲ್ಲಿ ಎಲ್ಲಾದರೂ "ಎರರ್ ಬಂದರೆ ಮತ್ತೆ ಕಳಿಸು" ಅಂತ ಇದ್ದರೆ ಇವತ್ತೇ ಅದನ್ನು ತೆರೆದು ನೋಡಿ. ನನ್ನ ಕೋಡ್‌ನಲ್ಲೂ ಅದೇ ಇತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡೇ ದಿನ ಇರುವಾಗ ಅದು 62 ಅಂಗಡಿಯವರ ವ್ಯಾಪಾರಕ್ಕೆ ಕಲ್ಲು ಹಾಕಿತು.

ನಾವು ಕೆಲಸ ಮಾಡುವುದು ಇಬ್ಬರೇ, ವಿಜಯನಗರದ ಒಂದು ಮನೆಯ ಮಹಡಿಯಲ್ಲಿ. ಚಿಕ್ಕಪೇಟೆಯ ಸೀರೆ ಅಂಗಡಿ, ಮಲ್ಲೇಶ್ವರದ ಬೇಕರಿ, ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿ, ಇಂಥವರು ನಮ್ಮ ಗಿರಾಕಿಗಳು. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಫೋಟೋ, ಬೆಲೆ, ಎರಡು ಸಾಲು ಬರಹ ನಮ್ಮ ಟೂಲ್‌ಗೆ ಹಾಕಿ ಸಮಯ ಹೇಳಿಬಿಡುತ್ತಾರೆ. ಆ ಹೊತ್ತಿಗೆ ಸರಿಯಾಗಿ ಅದು ಅವರವರ ಪೇಜಿನಲ್ಲಿ ಬರಬೇಕು. ನಮ್ಮ ಕೆಲಸ ಇಷ್ಟೇ. ಆ ಸಂಜೆ ಕೈಕೊಟ್ಟ ಸೋಷಿಯಲ್ ಮೀಡಿಯಾ ಕಂಪನಿಯ ಹೆಸರು ನಾನು ಬರೆಯುವುದಿಲ್ಲ. ನಾವು ನಾಲ್ಕು ಕಂಪನಿಗಳ ಎಪಿಐ ಬಳಸುತ್ತೇವೆ, ಇದು ಯಾವುದರಲ್ಲಿ ಬೇಕಾದರೂ ಆಗಬಹುದಿತ್ತು.

ಹಬ್ಬ ಶುಕ್ರವಾರ. ಬುಧವಾರ ಸಂಜೆ 7 ಗಂಟೆಗೆ ಎಂದಿಗಿಂತ ಜಾಸ್ತಿ ಪೋಸ್ಟ್‌ಗಳು ಕ್ಯೂನಲ್ಲಿದ್ದವು. ಕೆಲಸ ಮುಗಿಸಿ ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಜನ ಫೋನ್ ನೋಡುವ ಹೊತ್ತು ಅದು. ಎಲ್ಲ ಅಂಗಡಿಯವರಿಗೂ ಅದೇ ಸಮಯ ಬೇಕು.

7:04ಕ್ಕೆ ಟೂಲ್ ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್‌ನಲ್ಲಿ ಮೊದಲ ಟೈಮ್‌ಔಟ್ ಬಂತು. ನಮ್ಮ ಸರ್ವರ್ 10 ಸೆಕೆಂಡ್ ಕಾಯುತ್ತಿತ್ತು. ಅಷ್ಟರಲ್ಲಿ ಉತ್ತರ ಬಾರದಿದ್ದರೆ "ಆಗಲಿಲ್ಲ" ಅಂತ ಬರೆದುಕೊಂಡು, ಒಂದು ನಿಮಿಷ ಬಿಟ್ಟು ಮತ್ತೆ ಕಳಿಸುತ್ತಿತ್ತು. ಹಾಗೆ ಬರೆದವನು ನಾನೇ. ಯಾವ ಅಂಗಡಿಯ ಪೋಸ್ಟೂ ತಪ್ಪಿಹೋಗಬಾರದು ಅಂತ ಒಳ್ಳೆಯದಕ್ಕೇ ಬರೆದಿದ್ದೆ. ಟೈಮ್‌ಔಟ್, 503 (ಸರ್ವರ್‌ಗೆ ಈಗ ಆಗುತ್ತಿಲ್ಲ ಅನ್ನುವ ಎರರ್), ಟೈಮ್‌ಔಟ್, ಟೈಮ್‌ಔಟ್. ಸೇವೆ ಸರಿ ಇದೆಯಾ ಅಂತ ತೋರಿಸುವ ಕಂಪನಿಯ ಸ್ಟೇಟಸ್ ಪೇಜ್ ತೆಗೆದರೆ ಎಲ್ಲಾ ಹಸಿರು. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ, ಟೂಲ್ ಹೇಗೂ ತಾನೇ ಪ್ರಯತ್ನ ಮಾಡುತ್ತಿರುತ್ತದಲ್ಲ ಅಂದುಕೊಂಡು ಕೆಳಗೆ ಹೋಗಿ ಕಾಫಿ ಕುಡಿದು ಬಂದೆವು.

7:40ಕ್ಕೆ ಚಿಕ್ಕಪೇಟೆಯ ಯಜಮಾನರು ಫೋನ್ ಮಾಡಿದರು. ಅವರು ಯಾವತ್ತೂ ದನಿ ಏರಿಸುವವರಲ್ಲ.

"ಅಲ್ಲಪ್ಪಾ, ಒಂದೇ ಸೀರೇನ ಎಷ್ಟು ಸಲ ಹಾಕ್ತೀಯ? ಅಂಗಡೀಲಿ ಬೇರೆ ಸೀರೆ ಇಲ್ವಾ ಅಂತ ಗಿರಾಕಿಗಳು ಕೇಳ್ತಿದ್ದಾರೆ."

ಪೇಜ್ ತೆಗೆದು ನೋಡಿದೆ. ಪಿಸ್ತಾ ಬಣ್ಣದ ರೇಷ್ಮೆ ಸೀರೆ, ಕೆಂಪು ಅಂಚು, ಗಾಜಿನ ಕೌಂಟರ್ ಮೇಲೆ ಅರ್ಧ ಮಡಿಕೆ ಬಿಚ್ಚಿ ಇಟ್ಟಿದ್ದರು. ಫೋಟೋದ ಮೂಲೆಯಲ್ಲಿ ಸೆರಗು ಹಿಡಿದ ಅವರ ಮಗನ ಹೆಬ್ಬೆರಳ ತುದಿ. ಕೆಳಗೆ ಸರಿಸಿದೆ. ಅದೇ ಸೀರೆ, ಅದೇ ಹೆಬ್ಬೆರಳು. ಇನ್ನೂ ಸರಿಸಿದೆ, ಮತ್ತೆ ಅದೇ. ಎಣಿಸಿದಾಗ 23 ಆಯಿತು. ಅದರಲ್ಲಿ ಒಂದರ ಕೆಳಗೆ ಯಾರೋ ಒಬ್ಬರು ಬರೆದಿದ್ದರು: "ಈ ಪೇಜ್ ಹ್ಯಾಕ್ ಆಗಿದೆ, ಯಾರೂ ದುಡ್ಡು ಕಳಿಸಬೇಡಿ." ಎರಡು ತಲೆಮಾರಿನಿಂದ ನಡೆದುಬಂದ ಅಂಗಡಿ ಅದು. ಹಬ್ಬದ ವಾರ ಅಂಥ ಮಾತು ಹರಡಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಆಗಿದ್ದು ಇಷ್ಟು. ಆ ಸಂಜೆ ಕಂಪನಿಯ ಸರ್ವರ್ ಸತ್ತಿರಲಿಲ್ಲ, ನಿಧಾನವಾಗಿತ್ತು. ನಾವು ಕಳಿಸಿದ ಪೋಸ್ಟ್ ಅಲ್ಲಿಗೆ ಮುಟ್ಟುತ್ತಿತ್ತು, ಪೇಜಿನಲ್ಲಿ ಬರುತ್ತಲೂ ಇತ್ತು. "ಆಯಿತು" ಅನ್ನುವ ಉತ್ತರ ಮಾತ್ರ 10 ಸೆಕೆಂಡ್ ಒಳಗೆ ವಾಪಸ್ ಬರುತ್ತಿರಲಿಲ್ಲ. ನಾವು ಫೋನ್ ಇಟ್ಟುಬಿಟ್ಟ ಮೇಲೆ ಆ ಕಡೆಯವರು "ಸರಿ" ಅಂದ ಹಾಗೆ.

ಯುಪಿಐನಲ್ಲಿ ದುಡ್ಡು ಕಳಿಸುವಾಗ ಇದನ್ನು ನಾವೆಲ್ಲರೂ ನೋಡಿದ್ದೇವೆ, ಅಲ್ವಾ? ದರ್ಶಿನಿಯಲ್ಲಿ ಕಾಫಿಗೆ ದುಡ್ಡು ಕಳಿಸುತ್ತೀರಿ, ಚಕ್ರ ಸುತ್ತುತ್ತಲೇ ಇರುತ್ತದೆ, ಕ್ಯಾಷಿಯರ್ ಪಕ್ಕದ ಸ್ಪೀಕರ್ ಮಾತಾಡುವುದಿಲ್ಲ. ಆಗ ತಕ್ಷಣ ಇನ್ನೊಂದು ಸಲ ಕಳಿಸಿದರೆ ಎರಡು ಸಲ ಹೋಗಿಬಿಡಬಹುದು. ಅದಕ್ಕೇ ಅಲ್ಲಿ "ಪೆಂಡಿಂಗ್" ಅಂತ ಇನ್ನೊಂದು ಸ್ಥಿತಿ ಇದೆ. ನನ್ನ ಡೇಟಾಬೇಸಿನಲ್ಲಿ ಇದ್ದದ್ದು ಎರಡೇ: ಆಯ್ತು, ಆಗಲಿಲ್ಲ. "ಗೊತ್ತಿಲ್ಲ" ಅನ್ನುವುದಕ್ಕೆ ಜಾಗವೇ ಇರಲಿಲ್ಲ. ಜಾಗ ಇಲ್ಲದ್ದಕ್ಕೆ ನನ್ನ ಕೋಡ್ ಪ್ರತಿಯೊಂದು "ಗೊತ್ತಿಲ್ಲ"ವನ್ನೂ "ಆಗಲಿಲ್ಲ" ಅಂತ ಬರೆದುಕೊಂಡಿತು.

ಇಷ್ಟಕ್ಕೇ ಮುಗಿಯಲಿಲ್ಲ. 62 ಅಂಗಡಿಯ ರೀಟ್ರೈಗಳೂ (ಮತ್ತೆ ಕಳಿಸುವ ಪ್ರಯತ್ನಗಳು) ಪ್ರತಿ ನಿಮಿಷ ಒಟ್ಟಿಗೇ ಹೊರಡುತ್ತಿದ್ದವು. ಮೊದಲೇ ಏದುಸಿರು ಬಿಡುತ್ತಿದ್ದ ಸರ್ವರ್ ಮೇಲೆ ನಾವೂ ಹೋಗಿ ಬಿದ್ದೆವು. ಮೊದಲು 429 ಬರತೊಡಗಿತು, ಅಂದರೆ ತುಂಬಾ ಕಳಿಸುತ್ತಿದ್ದೀರಿ, ನಿಲ್ಲಿಸಿ ಅಂತ. ನನ್ನ ಕೋಡ್ ಅದನ್ನೂ ಒಂದು ಎರರ್ ಅಂತಲೇ ಎಣಿಸಿ ಮತ್ತೆ ಕಳಿಸಿತು. 8:15ಕ್ಕೆ 403 ಬಂತು, ಅಂದರೆ ನಿಮಗೆ ಅನುಮತಿ ಇಲ್ಲ ಅಂತ. ಒಂದೇ ಪೋಸ್ಟ್ ಹತ್ತಾರು ಸಲ ಹಾಕುತ್ತಿದ್ದೇವೆ ಅಂತ ಎಪಿಐ ಬಳಸಲು ನಮಗೆ ಕೊಟ್ಟಿದ್ದ ಆ್ಯಪ್ ಕೀಯನ್ನೇ ಅವರ ಸಿಸ್ಟಮ್ ಮುಚ್ಚಿಹಾಕಿತ್ತು. ಕೀ ಒಂದೇ ಆದ್ದರಿಂದ, ಒಂದು ಪೋಸ್ಟೂ ಡಬಲ್ ಆಗದ ಅಂಗಡಿಗಳಿಗೂ ಬಾಗಿಲು ಬಂದ್. ಅರ್ಜಿ ಹಾಕಿದೆವು. ಯಂತ್ರ ಬರೆದ ಉತ್ತರ ಬಂತು. ಕೀ ವಾಪಸ್ ಸಿಕ್ಕಿದ್ದು ಸೋಮವಾರ ಮಧ್ಯಾಹ್ನ. ಅಷ್ಟರಲ್ಲಿ ಹಬ್ಬ ಮುಗಿದು ಕಳಶ ತೆಗೆದಾಗಿತ್ತು. ಎಲ್ಲರಿಗೂ ಆ ತಿಂಗಳ ದುಡ್ಡು ವಾಪಸ್ ಕೊಟ್ಟೆವು. 9 ಅಂಗಡಿಯವರು ಬಿಟ್ಟುಹೋದರು. ಅವರ ಮೇಲೆ ನನಗೆ ಬೇಸರ ಇಲ್ಲ.

ಒಂದು ವಿಷಯ ನನಗೆ ಆಮೇಲೆ ಹೊಳೆಯಿತು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್ ಮೂರೂ ಸುಮಾರು ಆರು ಗಂಟೆ ಹೊತ್ತು ಬಿದ್ದಿದ್ದು ನಿಮಗೆ ನೆನಪಿರಬಹುದು. ದುರಸ್ತಿ ಕೆಲಸದ ಮಧ್ಯೆ ಕೊಟ್ಟ ಒಂದು ಕಮಾಂಡ್‌ನಿಂದ ಅವರ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕ ಕಡಿದುಹೋಗಿ, ಇಂಟರ್ನೆಟ್‌ಗೆ ಅವರ ವಿಳಾಸವೇ ಸಿಗದ ಹಾಗಾಗಿತ್ತು. ಆ ರಾತ್ರಿಯೂ ನಮ್ಮ ಟೂಲ್‌ನಲ್ಲಿ ಇದೇ ಕೆಟ್ಟ ಕೋಡ್ ಇತ್ತು. ಆದರೂ ಏನೂ ಅನಾಹುತ ಆಗಲಿಲ್ಲ, ಯಾಕಂದರೆ ಒಂದು ರಿಕ್ವೆಸ್ಟೂ ಆ ಕಡೆ ಮುಟ್ಟಿರಲೇ ಇಲ್ಲ. ಮನೆಯಲ್ಲಿ ಕರೆಂಟ್ ಪೂರ್ತಿ ಹೋದರೆ ಫ್ರಿಜ್‌ಗೆ ಏನೂ ಆಗುವುದಿಲ್ಲ. ಲೋ ವೋಲ್ಟೇಜ್ ಬಂದು ಹೋಗಿ ಮಾಡುವಾಗಲೇ ಮೋಟಾರ್ ಸುಡುವುದು. ಎಪಿಐ ಕೂಡ ಹಾಗೇ. ಪೂರ್ತಿ ಬಿದ್ದಾಗಿನದಕ್ಕಿಂತ ಅರ್ಧ ಬಿದ್ದಾಗ ಭಯ ಜಾಸ್ತಿ. ಆದರೆ ನಾವೆಲ್ಲ ಟೆಸ್ಟ್ ಮಾಡುವುದು ಪೂರ್ತಿ ಬಿದ್ದದ್ದನ್ನು ಮಾತ್ರ. ನೆಟ್ ತೆಗೆದು ನೋಡುತ್ತೇವೆ, ಎರರ್ ಬಂತು, ಸರಿ ಅಂತ ಮುಂದೆ ಹೋಗುತ್ತೇವೆ. ಪೋಸ್ಟ್ ಹಾಕಿಸಿಕೊಂಡು ಉತ್ತರವನ್ನು 40 ಸೆಕೆಂಡ್ ತಡ ಮಾಡುವ ಒಂದು ಸುಳ್ಳು ಸರ್ವರ್ ಮಾಡಿ ಅದರ ಮುಂದೆ ನಿಮ್ಮ ಟೂಲ್ ಓಡಿಸಿ ನೋಡಿ. ನಮಗೆ ಅದನ್ನು ಬರೆಯಲು ಒಂದು ಮಧ್ಯಾಹ್ನ ಸಾಕಾಯಿತು.

ಈಗ ನಾವು ಹೇಗೆ ಮಾಡುತ್ತೇವೆ ಅಂತ ಹೇಳುತ್ತೇನೆ. ಟೈಮ್‌ಔಟ್ ಆದರೆ ಆ ಪೋಸ್ಟ್ "ಗೊತ್ತಿಲ್ಲ" ಪಟ್ಟಿಗೆ ಹೋಗುತ್ತದೆ. ಮತ್ತೆ ಕಳಿಸುವ ಮೊದಲು ಆ ಪೇಜಿನ ಇತ್ತೀಚಿನ ಪೋಸ್ಟ್‌ಗಳನ್ನು ತರಿಸಿಕೊಂಡು, ನಮ್ಮದು ಅಲ್ಲಿದೆಯಾ ಅಂತ ನೋಡುತ್ತೇವೆ. ಇಲ್ಲೂ ಒಂದು ಹಳ್ಳ ಇದೆ. ಸರ್ವರ್ ಒದ್ದಾಡುತ್ತಿರುವಾಗ ಅದು ಕೊಡುವ ಪಟ್ಟಿಯೂ ಹಳೆಯದಾಗಿರಬಹುದು. ಹೊಸ ಪೋಸ್ಟ್ ಪೇಜಿನಲ್ಲಿ ಇದ್ದರೂ ಪಟ್ಟಿಯಲ್ಲಿ ಇರುವುದಿಲ್ಲ. ಅದಕ್ಕೇ ಕನಿಷ್ಠ ಹತ್ತು ನಿಮಿಷ ಬಿಟ್ಟು, ಎರಡು ಸಲ ನೋಡಿ, ಆಮೇಲೆ ಕಳಿಸುತ್ತೇವೆ. ಸ್ಟ್ರೈಪ್‌ನಂಥ ಪೇಮೆಂಟ್ ಎಪಿಐಗಳಲ್ಲಿ ಐಡೆಂಪೊಟೆನ್ಸಿ ಕೀ ಅಂತ ಒಂದು ಗುರುತು ಜೊತೆಗೆ ಕಳಿಸಬಹುದು. ಅದೇ ಗುರುತು ಇನ್ನೊಂದು ಸಲ ಬಂದರೆ ಅವರು ಎರಡನೆಯ ಸಲ ದುಡ್ಡು ಹಿಡಿಯುವುದಿಲ್ಲ. ಸೋಷಿಯಲ್ ಮೀಡಿಯಾ ಜಾಲವಾದ ಮ್ಯಾಸ್ಟೊಡಾನ್‌ನಲ್ಲಿ ಪೋಸ್ಟ್ ಹಾಕುವಾಗಲೂ ಈ ಸೌಲಭ್ಯ ಇದೆ. ನೀವು ಬಳಸುವ ಎಪಿಐನಲ್ಲಿ ಇದ್ದರೆ ದಯವಿಟ್ಟು ಬಿಡಬೇಡಿ.

ಎಲ್ಲ ಎರರ್‌ಗೂ ಒಂದೇ ಮದ್ದು ಹಾಕಬೇಡಿ. 400 ಬಂದರೆ ನಾವು ಕಳಿಸಿದ್ದರಲ್ಲೇ ತಪ್ಪು, ನೂರು ಸಲ ಕಳಿಸಿದರೂ ಅದೇ ಉತ್ತರ. 429 ಬಂದರೆ ಉತ್ತರದ ಜೊತೆಗೆ ರೀಟ್ರೈ-ಆಫ್ಟರ್ ಅನ್ನುವ ಹೆಡರ್ (ಉತ್ತರದ ಮೇಲಿನ ಚೀಟಿ ಇದ್ದ ಹಾಗೆ) ಇದೆಯಾ ನೋಡಿ. ಎಷ್ಟು ಹೊತ್ತು ಕಾಯಬೇಕು ಅಂತ ಅವರೇ ಹೇಳಿರುತ್ತಾರೆ. ಅದು ಸೆಕೆಂಡ್ ಲೆಕ್ಕದಲ್ಲೂ ಬರಬಹುದು, ತಾರೀಖಾಗಿಯೂ ಬರಬಹುದು, ಎರಡನ್ನೂ ಓದುವ ಹಾಗೆ ಬರೆಯಿರಿ. 500, 503ಕ್ಕೆ ಒಂದು ನಿಮಿಷ, ಎರಡು, ನಾಲ್ಕು, ಎಂಟು ಅಂತ ಬಿಡುವು ಹೆಚ್ಚಿಸುತ್ತಾ ಹೋಗಿ. ಪ್ರತಿಯೊಂದಕ್ಕೂ ಹಿಂದೆ ಮುಂದೆ ಕೆಲವು ಸೆಕೆಂಡ್ ಸೇರಿಸಿ, ಇಲ್ಲದಿದ್ದರೆ ಎಲ್ಲವೂ ಮತ್ತೆ ಒಟ್ಟಿಗೇ ನುಗ್ಗುತ್ತವೆ. ಕೆಲವು ಸಲ ಎಲ್ಲ ಸರಿ ಅನ್ನುವ 200 ಬಂದು, ಒಳಗೆ ಎರರ್ ಸಂದೇಶ ಕೂತಿರುತ್ತದೆ. ನಂಬರ್ ನೋಡಿ ಸುಮ್ನೆ ನಂಬಬೇಡಿ.

ಅನುಮತಿ ಇಲ್ಲ ಅನ್ನುವ 401, 403 ಬಂದರಂತೂ ನಿಲ್ಲಿಸಿಬಿಡಿ. ಅದು ಔಟೇಜ್ (ಸೇವೆ ಬಿದ್ದದ್ದು) ಆಗಿರದೆ, ನಿಮ್ಮನ್ನು ಹೊರಗೆ ಹಾಕಿದ್ದೇ ಆಗಿರಬಹುದು. 2023ರ ಜನವರಿಯಲ್ಲಿ, ಟ್ವಿಟರ್ ನೋಡಲು ಹೊರಗಿನವರು ಮಾಡಿದ್ದ ಟ್ವೀಟ್‌ಬಾಟ್, ಟ್ವಿಟರಿಫಿಕ್‌ನಂಥ ಹಳೆಯ ಆ್ಯಪ್‌ಗಳು ಇದ್ದಕ್ಕಿದ್ದಂತೆ ಟ್ವಿಟರ್‌ಗೆ ಲಾಗಿನ್ ಆಗದೆ ನಿಂತುಹೋದವು. ಆ ಆ್ಯಪ್ ಮಾಡಿದವರಿಗೆ ಯಾರೂ ಮುಂಚೆ ತಿಳಿಸಿರಲಿಲ್ಲ. ಅಂಥ ಆ್ಯಪ್‌ಗಳಿಗೆ ಅವಕಾಶ ಇಲ್ಲ ಅಂತ ನಿಯಮದಲ್ಲಿ ಬರೆದದ್ದು ಸುಮಾರು ಒಂದು ವಾರ ಕಳೆದ ಮೇಲೆ. ವರ್ಷಗಟ್ಟಲೆ ಕಷ್ಟಪಟ್ಟವರ ಕೆಲಸ ಅದು. ಅದಕ್ಕೇ ಒಂದೇ ಕಂಪನಿಯ ಎಪಿಐ ಮೇಲೆ ಪೂರ್ತಿ ಸಂಸಾರ ಹೂಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಸ್ಟೇಟಸ್ ಪೇಜ್ ಹಸಿರಿದೆ ಅಂತ ಕಾಯಬೇಡಿ. ಆ ಬುಧವಾರ ಅದು ಬಣ್ಣ ಬದಲಿಸಿದ್ದು 8:30ಕ್ಕೆ. ಅಷ್ಟರಲ್ಲಿ ನಮ್ಮ ಕಥೆ ಮುಗಿದಿತ್ತು. ನಿಮ್ಮ ಲಾಗ್‌ನಲ್ಲಿ ಐದು ನಿಮಿಷದೊಳಗೆ ಹತ್ತರಲ್ಲಿ ಮೂರು ರಿಕ್ವೆಸ್ಟ್ ಕೆಟ್ಟರೆ ಟೂಲ್ ತಾನೇ ಕಳಿಸುವುದನ್ನು ನಿಲ್ಲಿಸುವ ಹಾಗೆ ಮಾಡಿ. ನಾವು ಈಗ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಇದೇ ಕೆಲಸ ಮಾಡುವ ಇನ್ನೊಂದು ತಂಡದವರಿಗೂ ಫೋನ್ ಮಾಡಿ ಕೇಳುತ್ತೇವೆ, ನಿಮಗೂ ಹೀಗೇ ಆಗ್ತಿದೆಯಾ ಅಂತ. ಅವರು ನಮ್ಮ ಪೈಪೋಟಿಯವರೇ. ಆದರೂ ಇಂಥ ಹೊತ್ತಲ್ಲಿ ಅವರ ಒಂದು "ಹೌದು" ಕೊಡುವ ಧೈರ್ಯ ಯಾವ ಸ್ಟೇಟಸ್ ಪೇಜೂ ಕೊಟ್ಟಿಲ್ಲ.

ಗಿರಾಕಿಗಳಿಗೆ ಬೇಗ ಹೇಳಿ. ಆವತ್ತು ಯಜಮಾನರೇ ಫೋನ್ ಮಾಡುವ ತನಕ ನಾವು ಯಾರಿಗೂ ಒಂದು ಮಾತು ತಿಳಿಸಿರಲಿಲ್ಲ. ಮುಚ್ಚಿಡುವ ಉದ್ದೇಶ ಇರಲಿಲ್ಲ, ಸರಿಹೋದ ಮೇಲೆ ಹೇಳಿದರಾಯಿತು ಅಂದುಕೊಂಡಿದ್ದೆವು. ನನಗೆ ಇವತ್ತಿಗೂ ಅತಿ ಹೆಚ್ಚು ನೋವಾಗುವುದು ಆ ವಿಷಯಕ್ಕೇ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಮತ್ತೆ ಅದೇ ಕಂಪನಿಯ ಎಪಿಐ ನಿಧಾನವಾಯಿತು. ಈ ಸಲ ಕ್ಯೂ ತಾನೇ ನಿಂತಿತು. ಆರು ನಿಮಿಷದೊಳಗೆ ಎಲ್ಲ ಅಂಗಡಿಯವರಿಗೂ ಮೆಸೇಜ್ ಹೋಯಿತು: ಪೋಸ್ಟ್ ತಡವಾಗುತ್ತದೆ, ಎರಡು ಸಲ ಹೋಗುವುದಿಲ್ಲ, ಅರ್ಜೆಂಟ್ ಇದ್ದರೆ ನಿಮ್ಮ ಫೋನಿನಿಂದಲೇ ಹಾಕಿ ಅಂತ. ಚಿಕ್ಕಪೇಟೆಯ ಯಜಮಾನರು ಫೋನ್ ಮಾಡಿದರು.

"ಸರಿ ಬಿಡಪ್ಪಾ, ಮಗನ ಕೈಲಿ ಹಾಕಿಸ್ತೀನಿ. ಆದ್ರೆ ಅದು ಸರಿಹೋದ್ಮೇಲೆ ನಿಂದೂ ಹೋಗಿ ಎರಡಾಗಲ್ವಾ?"

ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಅವತ್ತು ರಾತ್ರಿಯೇ ಕೂತು, ಪ್ರತಿ ಪೋಸ್ಟ್ ಪಕ್ಕದಲ್ಲಿ "ನಾನೇ ಹಾಕಿದೆ" ಅಂತ ಒಂದು ಬಟನ್ ಇಟ್ಟೆವು. ಅದನ್ನು ಒತ್ತಿದರೆ ಆ ಪೋಸ್ಟ್ ಕ್ಯೂನಿಂದ ಹೊರಗೆ ಬರುತ್ತದೆ.