ಒಬ್ಬರೇ ಕೂತು ನಾಲ್ಕು ಡ್ರೋನ್ ನೋಡಿಕೊಳ್ಳಲು ಈ ಸಾಫ್ಟ್‌ವೇರ್ ಸಾಕಾ?

ಹಲವು ಡ್ರೋನ್‌ಗಳನ್ನು ಒಂದೇ ಪರದೆಯಲ್ಲಿ ನೋಡಿಕೊಳ್ಳುವ ಗ್ರೌಂಡ್ ಸ್ಟೇಷನ್ ಸಾಫ್ಟ್‌ವೇರ್ ಒಂದನ್ನು ಕೆಲಸಕ್ಕೆ ಬಳಸುತ್ತಿದ್ದೇನೆ. ಹೆಸರು ಬೇಡ, ಇಂಥದ್ದು ಯಾವುದನ್ನೇ ಕೊಳ್ಳುವವರೂ ನೋಡಬೇಕಾದ ವಿಷಯಗಳಿವು.

ಹಾರಾಟದ ಬಗ್ಗೆ ತಕರಾರಿಲ್ಲ. ಡ್ರೋನ್ ಮತ್ತು ನೆಲದ ಕಂಪ್ಯೂಟರ್ ಸಂದೇಶ ಕಳಿಸಿಕೊಳ್ಳಲು ಬಳಸುವ ಸಾಮಾನ್ಯ ಭಾಷೆಯಾದ ಮ್ಯಾವ್‌ಲಿಂಕ್ ಬಳಸುವುದರಿಂದ ಬೇರೆ ಬೇರೆ ಆಟೊಪೈಲಟ್‌ಗಳೂ (ಡ್ರೋನನ್ನು ತಾನಾಗೇ ಹಾರಿಸುವ ವ್ಯವಸ್ಥೆಗಳು) ಸಲೀಸಾಗಿ ಸೇರುತ್ತವೆ. ಒಂದೊಂದು ಡ್ರೋನಿಗೆ ಒಂದೊಂದು ನಂಬರ್, 255ರವರೆಗೂ ಕೊಡಬಹುದು. ಆದರೆ ನಂಬರ್ ಇದ್ದಷ್ಟಕ್ಕೆಲ್ಲ ನಮ್ಮ ಗಮನ ಸಾಲಬೇಕಲ್ವಾ?

ನನಗೆ ತುಂಬಾ ಹಿಡಿಸಿದ್ದು, ಮುಂದೇನು ಮಾಡುತ್ತದೆ ಅನ್ನುವುದನ್ನು ಇದು ಮೊದಲೇ ಹೇಳಿಬಿಡುತ್ತದೆ. "ಡ್ರೋನ್ 3: ಬ್ಯಾಟರಿ ಕಡಿಮೆ, 20 ಸೆಕೆಂಡಿನಲ್ಲಿ ವಾಪಸ್" ಎಂದು ತೋರಿಸಿ, ಸೆಕೆಂಡು ಇಳಿಸುತ್ತಾ, ಪಕ್ಕದಲ್ಲೇ ತಡೆಯುವ ಬಟನ್ ಇಡುತ್ತದೆ. ನಾವು ಸುಮ್ನೆ ಇದ್ದರೆ ಅದು ತಾನೇ ಹೊರಡುತ್ತದೆ. ಯಂತ್ರಕ್ಕೆ ಎಷ್ಟು ಸ್ವಾತಂತ್ರ್ಯ ಕೊಡಬಹುದು ಎಂದು ಸಂಶೋಧಕರಾದ ಶೆರಿಡನ್ ಮತ್ತು ವರ್‌ಪ್ಲಾಂಕ್ 1978ರಲ್ಲಿ 10 ಹಂತ ಮಾಡಿದ್ದರು, ಅದರಲ್ಲಿ 6ನೆಯದು ಇದೇ. ಎಲ್ಲದಕ್ಕೂ ಒಪ್ಪಿಗೆ ಕೇಳುತ್ತಾ ಕೂತರೆ ನಾಲ್ಕು ಡ್ರೋನ್ ನೋಡುವುದು ಆಗದ ಮಾತು, ಏನೂ ಹೇಳದೆ ಮಾಡಿಬಿಟ್ಟರೆ ಯಾವುದು ಎಲ್ಲಿದೆ ಅನ್ನುವುದೇ ನಮ್ಮ ತಲೆಯಿಂದ ತಪ್ಪಿಹೋಗುತ್ತದೆ.

ಸಿಟ್ಟು ಬರಿಸುವುದು ಬೇರೆ. ಮ್ಯಾಪ್‌ನಲ್ಲಿ 3ನೇ ಡ್ರೋನ್ ಒತ್ತಿದರೆ ಅದರ ಕ್ಯಾಮೆರಾ ಬರುತ್ತದೆ, ಸರಿ, ಆದರೆ ಬಲಗಡೆಯ ಆದೇಶದ ಬಟನ್‌ಗಳು ಇನ್ನೂ 1ಕ್ಕೇ ಅಂಟಿಕೊಂಡಿರುತ್ತವೆ. ನೋಡುತ್ತಿರುವುದು ಒಂದನ್ನು, ವಾಪಸ್ ಕರೆಯುವುದು ಇನ್ನೊಂದನ್ನು! ಮೂಲೆಯಲ್ಲಿ ಸಣ್ಣ ನಂಬರ್ ಇದೆ, ಅವಸರದಲ್ಲಿ ಅದನ್ನು ಯಾರು ನೋಡುತ್ತಾರೆ? ಇದನ್ನು ತಕ್ಷಣ ಸರಿಮಾಡಬೇಕು.

ಅಲಾರಂ ಕೂಡ ಅಷ್ಟೇ. ಗಾಳಿ ಸ್ವಲ್ಪ ಜಾಸ್ತಿಯಾದರೂ ಅದೇ ಸದ್ದು, ಡ್ರೋನ್ ಜೊತೆಗಿನ ಲಿಂಕ್ (ಸಂಪರ್ಕ) ಕಡಿದರೂ ಅದೇ ಸದ್ದು. "ನಾನಿದ್ದೇನೆ" ಎಂದು ಡ್ರೋನಿನಿಂದ ಸೆಕೆಂಡಿಗೊಮ್ಮೆ ಬರಬೇಕಾದ ಹಾರ್ಟ್‌ಬೀಟ್ ಸಂದೇಶ ನಿಂತರೆ ಅದು ಎಚ್ಚರಿಕೆಗಳ ಪಟ್ಟಿಯ ಮೇಲಕ್ಕೆ ಬರಬೇಕು, ಇಲ್ಲಿ ಬಂದ ಕ್ರಮದಲ್ಲೇ ಕೆಳಗೆ ಹೋಗಿ ಕೂರುತ್ತದೆ.

ಇನ್ನೊಂದು, ಏನೂ ಆಗದ ಹೊತ್ತು. ರಾಡಾರ್ ನೋಡುವವರ ಗಮನ ಅರ್ಧ ಗಂಟೆಯೊಳಗೇ ಇಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞ ಮ್ಯಾಕ್‌ವರ್ತ್ 1948ರಲ್ಲೇ ತೋರಿಸಿದ್ದರು. ಇದರಲ್ಲಿ ಪಾಳಿ ಬದಲಿಸಲು ನೆನಪಿಸುವ ವ್ಯವಸ್ಥೆಯೇ ಇಲ್ಲ.

ಎರಡು ಡ್ರೋನಿಗೆ ಧೈರ್ಯವಾಗಿ ತಗೊಳ್ಳಿ. ನಾಲ್ಕಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು. ಡೆಮೊ ಕೊಡಲು ಬಂದವರಿಗೆ ಸಿಮ್ಯುಲೇಟರ್‌ನಲ್ಲಿ ಎರಡು ಡ್ರೋನಿನ ಲಿಂಕ್ ಒಟ್ಟಿಗೆ ಕಡಿಯಲು ಹೇಳಿ, ಪರದೆಯಲ್ಲಿ ಮೊದಲು ಏನು ಕಾಣಿಸುತ್ತದೆ ನೋಡಿ, ಆಮೇಲೆ ದುಡ್ಡು ಕೊಡಿ.