ಗೇಣಿ ಕಡತದ ನಕಲು: ರೆಕಾರ್ಡ್ ರೂಮ್ ಸೇವೆ ಹೇಗಿದೆ?

ಮಲೆನಾಡಿನ ತಾಲೂಕು ಕಚೇರಿಗಳಲ್ಲಿ ಹಳೇ ಭೂಸುಧಾರಣೆ ಕಡತದ ದೃಢೀಕೃತ ನಕಲು ತೆಗೆಸುವ ಸೇವೆ ಒಟ್ಟಿನಲ್ಲಿ ಚೆನ್ನಾಗಿದೆ. ಆದರೆ ಜಮೀನು ಯಾವ ಕಾಯ್ದೆಯಲ್ಲಿ ಮನೆತನಕ್ಕೆ ಬಂತು ಅನ್ನೋದು ಅರ್ಜಿದಾರರಿಗೆ ಗೊತ್ತಿರಬೇಕು. ಇಲ್ಲದಿದ್ದರೆ ಅಲೆದಾಟ ತಪ್ಪಿದ್ದಲ್ಲ.

ಗೇಣಿ ಜಮೀನೆಲ್ಲ ರೈತರ ಹೆಸರಿಗೆ ಆಗಿದ್ದು ಮುಖ್ಯಮಂತ್ರಿ ದೇವರಾಜ ಅರಸು ಕಾಲದಲ್ಲೇ ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬಿದೆ. ಅದು ಅರ್ಧ ಸತ್ಯ. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಬಿಸಿ ಇನ್ನೂ ಆರಿರಲಿಲ್ಲ. ಆಗ ಕೆಂಗಲ್ ಹನುಮಂತಯ್ಯನವರ ಸಂಪುಟದಲ್ಲಿ ಕಂದಾಯ ಖಾತೆ ಹಿಡಿದವರು ತೀರ್ಥಹಳ್ಳಿ ಸೀಮೆಯ ವಕೀಲ ಕಡಿದಾಳ್ ಮಂಜಪ್ಪ. 1952ರ ಗೇಣಿ ಕಾಯ್ದೆ, 1954 ಮತ್ತು 1955ರ ಇನಾಮು (ದಾನವಾಗಿ ಬಿಟ್ಟುಕೊಟ್ಟ ಜಮೀನು) ರದ್ದತಿ ಕಾಯ್ದೆಗಳು ಆ ಸರ್ಕಾರದವು. 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ ಮಂಜಪ್ಪನವರೇ ಮುಖ್ಯಮಂತ್ರಿಯಾಗಿದ್ದರು. ಜನ ನೆನಪಿಟ್ಟಿರುವುದು ಆ ಎರಡೂವರೆ ತಿಂಗಳನ್ನು. ರೈತನ ಕೈಗೆ ಹಕ್ಕು ಬಂದದ್ದು ಮಾತ್ರ ಅವರ ಕಂದಾಯ ಖಾತೆಯ ವರ್ಷಗಳಿಂದ. ಮಠ, ದೇವಸ್ಥಾನ, ಜೋಡಿ ಗ್ರಾಮಗಳ (ಕಡಿಮೆ ಕಂದಾಯದ ಇನಾಮು ಗ್ರಾಮಗಳು) ಜಮೀನಾಗಿದ್ದರೆ ಮೊದಲು ಕೇಳಬೇಕಾದದ್ದು ಇನಾಮು ಕಡತ, ಗೇಣಿದಾರರು ಹಕ್ಕು ಕೇಳಿ ಹಾಕಿದ ಅರ್ಜಿಯಾದ ಫಾರಂ 7 ಅಲ್ಲ.

ಖಾಸಗಿ ಒಡೆಯರಿಂದ ಬಂದ ಗೇಣಿ ಜಮೀನಿಗೆ 1974ರ ಮಾರ್ಚ್ 1ರಿಂದ ಜಾರಿಯಾದ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಅನ್ವಯ. ಅರ್ಜಿಯಲ್ಲಿ ಸುಮ್ಮನೆ ‘ಹಳೇ ದಾಖಲೆ’ ಎಂದು ಬರೆಯಬೇಡಿ. ಫಾರಂ 7, ಭೂ ನ್ಯಾಯಮಂಡಳಿ ಆದೇಶ, ಫಾರಂ 10 (ಹಕ್ಕು ಸಿಕ್ಕಿದ್ದಕ್ಕೆ ಕೊಟ್ಟ ಪ್ರಮಾಣಪತ್ರ) ಈ ಮೂರನ್ನೂ ಬೇರೆಬೇರೆಯಾಗಿ ಹೆಸರಿಸಿ. ಜೊತೆಗೆ ಗ್ರಾಮ, ಹೋಬಳಿ, ಸರ್ವೆ ನಂಬರ್, ಕೇಸ್ ನಂಬರ್. ಕೇಸ್ ನಂಬರ್ ಗೊತ್ತಿಲ್ಲವೇ? ಪಹಣಿಯ 10ನೇ ಕಾಲಂನಲ್ಲಿ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಇರುತ್ತದೆ. ಅದು ಈಚಿನ ಪೌತಿ ಖಾತೆಯದಾಗಿದ್ದರೆ (ತೀರಿಕೊಂಡವರಿಂದ ವಾರಸುದಾರರಿಗೆ ಆದ ಬದಲಾವಣೆ) ಕೈಬರಹದ ಹಳೇ ಪಹಣಿಗಳ ತನಕ ಹಿಂದಕ್ಕೆ ಹೋಗಿ, ಆ ಮ್ಯುಟೇಶನ್ ರಿಜಿಸ್ಟರ್ ಪುಟದ ನಕಲು ತೆಗೆಸಿ. ನ್ಯಾಯಮಂಡಳಿ ಆದೇಶದ ಉಲ್ಲೇಖ ಅಲ್ಲಿ ಸಿಗುತ್ತದೆ.

ಹೆಚ್ಚು ಜನ ಎಡವುವುದು ಸರ್ವೆ ನಂಬರಿನಲ್ಲಿ. ಇವತ್ತಿನ ಪಹಣಿಯಲ್ಲಿ 42/1ಎ ಎಂದಿದ್ದರೂ ಕಡತದಲ್ಲಿ ಬರೀ 42 ಇರಬಹುದು, ಅಳತೆ ಮಾಡಿ ಭಾಗ ಮಾಡಿದ್ದು, ಅಂದರೆ ಪೋಡಿಯಾದದ್ದು ಆಮೇಲೆ. ಹಿಸ್ಸಾ (ಭಾಗದ ನಂಬರ್) ಸಮೇತ ಹುಡುಕಿದರೆ ಕಂಪ್ಯೂಟರಿನಲ್ಲಾಗಲಿ ಕಪಾಟಿನಲ್ಲಾಗಲಿ ಸಿಗುವುದಿಲ್ಲ. ಹೆಸರಿನ ಕಥೆಯೂ ಹಾಗೇ. ಆಧಾರಿನಲ್ಲಿ ಮಂಜುನಾಥ ಎಂದಿರುವವರ ಅಜ್ಜ ಅಲ್ಲಿ ‘ಮಂಜ ಬಿನ್ ತಿಮ್ಮ’. ಎರಡೂ ರೂಪ ಬರೆದುಕೊಡಿ.

ಸ್ಕ್ಯಾನ್ ಆದ ಪ್ರತಿ ಕೈಗೆ ಬಂದ ಕೂಡಲೇ ಆದೇಶದ ಕೊನೇ ಪುಟ ನೋಡಿ. ಎಷ್ಟು ಎಕರೆ, ಎಷ್ಟು ಗುಂಟೆ ಎಂದು ಇರುವುದು ಅಲ್ಲೇ, ಮಳೆಗಾಲದ ತೇವಕ್ಕೆ ಮೊದಲು ಹಾಳಾಗುವುದೂ ಆ ಅಂಚೇ. ಅಂಕಿ ಮಸುಕಾಗಿದ್ದರೆ ಮೂಲ ಕಡತದಿಂದ ಮತ್ತೆ ನಕಲು ಕೇಳುವುದೇ ಸರಿ. ಗೇಣಿದಾರರಿಗೆ ಬಂದ ಜಮೀನನ್ನು 15 ವರ್ಷ ಪರಭಾರೆ ಮಾಡುವಂತಿರಲಿಲ್ಲ, ಆದ್ದರಿಂದ ಮಾರಾಟದ ಮಾತಿದ್ದರೆ ಆದೇಶದ ತಾರೀಖೂ ಸ್ಪಷ್ಟವಾಗಿರಬೇಕು.

‘ಕಡತ ಸಿಗ್ತಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಎದ್ದು ಬರಬೇಡಿ, ಹಿಂಬರಹ (ಲಿಖಿತ ಉತ್ತರ) ಕೊಡಿ ಎಂದು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ಆ ಅರ್ಜಿಯಲ್ಲಿ ನ್ಯಾಯಮಂಡಳಿಯ ಕೇಸ್ ರಿಜಿಸ್ಟರ್ ಪುಟವನ್ನೂ ಕೇಳಿ.

ಶರಾವತಿ ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳಿಗೆ ಈ ದಾರಿ ಹೊಂದುವುದಿಲ್ಲ. ಅವರಿಗೆ ಜಮೀನು ಬಂದದ್ದು ಪುನರ್ವಸತಿ ಮಂಜೂರಾತಿಯಲ್ಲಿ, ಅವರು ಕೇಳಬೇಕಾದದ್ದೂ ಆ ಮಂಜೂರಾತಿ ಕಡತವನ್ನೇ.