ದನಗಳ ಲಸಿಕೆಗೆ ಆಟೋಮ್ಯಾಟಿಕ್ ಸಿರಿಂಜ್: ಕೊಳ್ಳುವ ಮುನ್ನ ವಾಷರ್ ಸಿಗುತ್ತದೆಯೇ ಕೇಳಿ

ಹಿಡಿ ಒತ್ತಿದರೆ ಒಂದು ಡೋಸ್ ಒಳಗೆ. ಬಿಟ್ಟರೆ ಮುಂದಿನದನ್ನು ಬಾಟಲಿಗೆ ಜೋಡಿಸಿದ ನಳಿಗೆಯಿಂದ ತಾನೇ ಎಳೆದುಕೊಳ್ಳುತ್ತದೆ. ಬಾಟಲಿಗೆ ಚುಚ್ಚಿದ ಸೂಜಿ ಬೇರೆ, ದನಕ್ಕೆ ಚುಚ್ಚುವ ಸೂಜಿ ಬೇರೆ. ಹಾಗಾಗಿ ಬಾಟಲಿಯ ಮದ್ದು ಕೆಡುವುದಿಲ್ಲ. ದೊಡ್ಡ ಹಿಂಡಿಗೆ ಇದೇ ಸರಿ.

ಕಾಟವೆಲ್ಲ ವಾಷರಿನದು, ಅಂದರೆ ಪಿಸ್ಟನ್ನಿಗೆ ತೊಡಿಸಿದ ರಬ್ಬರ್ ಬಳೆಯದು. ಅದು ಸವೆದರೆ ಮದ್ದು ಹಿಂದಕ್ಕೆ ಜಾರುತ್ತದೆ. ಗುರುತು 2 ಮಿ.ಲೀ. ಎಂದೇ ತೋರಿಸುತ್ತಿರುತ್ತದೆ, ದನಕ್ಕೆ ಹೋಗಿದ್ದು ಮಾತ್ರ ಅರೆಬರೆ. ಲಸಿಕೆ ಹಾಕಿಸಿಯೂ ರೋಗ ಬಂತು ಅಂದರೆ ಎಲ್ಲರೂ ಲಸಿಕೆಯನ್ನೇ ಬೈಯುತ್ತಾರೆ! ಕೆಲಸಕ್ಕೆ ಮುನ್ನ ಅಳತೆಯ ಗಾಜಿನೊಳಗೆ ಹತ್ತು ಸಲ ನೀರು ಒತ್ತಿ ನೋಡಿ: 20 ಮಿ.ಲೀ. ಬರಬೇಕು. ಬರದಿದ್ದರೆ ವಾಷರ್ ಬದಲಿಸಿ. ಆಮೇಲೂ ಕಡಿಮೆಯೇ ಬಂದರೆ ವಾಲ್ವಿನಲ್ಲಿ ಕಸ ಕೂತಿದೆಯೇ ನೋಡಿ. ಎಣ್ಣೆ ಬೆರೆತ ಲಸಿಕೆ ತಣ್ಣಗಿದ್ದಾಗ ಮಂದ, ಹಿಡಿಯನ್ನು ಫಟ್ಟನೆ ಬಿಟ್ಟರೆ ಗಾಳಿಗುಳ್ಳೆ ಸೇರುತ್ತದೆ, ನಿಧಾನಕ್ಕೆ ಬಿಡಿ. ಇಷ್ಟು ಮುಖ್ಯವಾದ ಭಾಗಕ್ಕೆ ಡಬ್ಬಿಯಲ್ಲಿ ಒಂದೇ ಒಂದು ಹೆಚ್ಚುವರಿ ಕೊಡುವುದು ಅನ್ಯಾಯ.

ಇನ್ನೊಂದು ಅಪಾಯ ವೇಗದ್ದು. ಕೈ ಓಡುತ್ತಿದೆಯೆಂದು ಇಡೀ ಹಿಂಡಿಗೆ ಒಂದೇ ಸೂಜಿ ಹಾಕಿದರೆ ಅನಾಪ್ಲಾಸ್ಮಾದಂಥ ರಕ್ತದ ರೋಗಗಳು ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತವೆ. ಪ್ರತಿ ದನಕ್ಕೂ ಹೊಸ ಸೂಜಿಯೇ ಒಳ್ಳೆಯದು. ಬಾಗಿದ್ದನ್ನು ನೆಟ್ಟಗೆ ಮಾಡಲು ಹೋಗಬೇಡಿ, ಒಳಗೇ ಮುರಿದೀತು. ಚರ್ಮದಡಿಗೆ ಅರ್ಧದಿಂದ ಮುಕ್ಕಾಲು ಇಂಚಿನ ಸೂಜಿ, ಮಾಂಸಖಂಡಕ್ಕೆ ಒಂದರಿಂದ ಒಂದೂವರೆ. ದಪ್ಪ 16 ಅಥವಾ 18 ಗೇಜ್. ಜಾಗ ಕುತ್ತಿಗೆಯ ಪಕ್ಕ, ಪೃಷ್ಠವಲ್ಲ. ಚರ್ಮದಡಿಗೆ ಕೊಡುವಾಗ ಮಡಿಕೆ ಎತ್ತಿ ಅದರ ಬುಡಕ್ಕೆ ಚುಚ್ಚಿ. ಮಡಿಕೆ ದಾಟಿ ಸೂಜಿ ಆಚೆ ಬಂದರೆ ಮದ್ದು ಕೂದಲ ಮೇಲೆ, ಇಲ್ಲವೇ ನಿಮ್ಮ ಬೆರಳಿಗೆ. ಎಣ್ಣೆಯ ಲಸಿಕೆ ಬೆರಳಿಗೆ ಹೊಕ್ಕರೆ ನೋವಿಲ್ಲವೆಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇಷ್ಟಾದರೂ ಈ ಸಿರಿಂಜನ್ನು ಬಿಡಲು ಮನಸ್ಸಾಗದು, ಅಷ್ಟು ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಕೆಲಸ ಮುಗಿದ ಕೂಡಲೇ ಬಿಸಿನೀರು ಎಳೆದು ಒತ್ತಿ, ತಿಳಿಯಾಗಿ ಬರುವವರೆಗೂ. ಗಾಜಿನ ಕೊಳವೆ, ಪಿಸ್ಟನ್, ಸ್ಪ್ರಿಂಗ್, ವಾಲ್ವ್ ಬೇರೆ ಮಾಡಿ ತಣ್ಣೀರಿನಲ್ಲಿಟ್ಟು ಕುದಿಸಿ. ಕುದಿಯುವ ನೀರಿಗೆ ನೇರ ಹಾಕಿದರೆ ಗಾಜು ಸೀಳುತ್ತದೆ. ಒಳಗೆ ಸೋಪು, ಡೆಟಾಲ್, ಸ್ಪಿರಿಟ್ ತಾಗಿಸಬೇಡಿ: ಉಳಿದ ಅಂಶ ಜೀವಂತ ಲಸಿಕೆಯನ್ನು ಕೊಲ್ಲುತ್ತದೆ. ಒಣಗಿದ ವಾಷರಿಗೆ ಒಂದು ಹನಿ ಸಿಲಿಕೋನ್ ಎಣ್ಣೆ ಸಾಕು. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ.

ನಾಲ್ಕೈದು ದನ ಇರುವವರಿಗೆ ಇದು ಬೇಡ, ಒಮ್ಮೆ ಬಳಸಿ ಎಸೆಯುವ ಸಿರಿಂಜೇ ವಾಸಿ. ಹೆಚ್ಚಿದ್ದರೆ ತೆಗೆದುಕೊಳ್ಳಿ, ಜೊತೆಗೆ ವಾಷರುಗಳನ್ನೂ.